ದೇವಗಡವೋ, ತದಡಿಯೋ?

ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆ ನದಿಗಳಿಗೇನೂ ಕೊರತೆಯಿಲ್ಲ. ಕೃಷ್ಣೆ, ದೂಧಗಂಗೆ, ವೇದಗಂಗೆ ಎಲ್ಲವೂ ಇವೆ. ಆದರೆ ಸಮುದ್ರ ನೋಡದವರು ನಮ್ಮಲ್ಲಿ ಬಹಳ ಮಂದಿ. ಅವರಲ್ಲಿ ನನ್ನ ದಾದಿಯೂ ಒಬ್ಬರು. ನಿಪ್ಪಾಣಿಯ ತಂಬಾಕು ವಖಾರಿಯಲ್ಲಿ ನಲವತ್ತು ವರ್ಷ ದುಡಿದವರು. ಬೆಳಗಾವಿಯನ್ನು ದಾಟಿ ಹೋದದ್ದೇ ಇಲ್ಲ. ಅವರ ಮೊಣಕಾಲು ನೋವು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. ಹಾಗಾಗಿ ಈ ಸಲ "ಮುಂದಿನ ವರ್ಷ ನೋಡೋಣ" ಎನ್ನುವ ಧೈರ್ಯ ಮನೆಯಲ್ಲಿ ಯಾರಿಗೂ ಆಗಲಿಲ್ಲ. ಬೇಸಿಗೆ ರಜೆಯಲ್ಲಿ ಎರಡು ದಿನ ಸಮುದ್ರಕ್ಕೆ ಹೋಗುವುದೆಂದು ಅಬ್ಬಾ ತೀರ್ಮಾನಿಸಿದರು. ಎಲ್ಲಿಗೆ ಎಂಬುದನ್ನು ಹುಡುಕುವ ಕೆಲಸ ನನಗೆ ಬಂತು.

ಗೋವಾ, ಗೋಕರ್ಣ, ಮಾಲವಣ ಬೇಡವೆಂದು ಎಲ್ಲರೂ ಒಪ್ಪಿದೆವು. ಅಲ್ಲಿನ ಗದ್ದಲ ದಾದಿಗೆ ಆಗದು, ಅಲ್ಲಿನ ಖರ್ಚು ನಮಗೆ ಆಗದು. ಅಮ್ಮಿ ಮನೆಯಲ್ಲೇ ಬೀಡಿ ಕಟ್ಟುತ್ತಾರೆ. ಎರಡು ದಿನ ರಜೆ ಎಂದರೆ ಎರಡು ದಿನದ ಕೂಲಿ ಹೋದಂತೆ. ಕೊನೆಗೆ ಎರಡು ಊರುಗಳು ಉಳಿದವು: ಮಹಾರಾಷ್ಟ್ರದ ದೇವಗಡ ಮತ್ತು ಉತ್ತರ ಕನ್ನಡದ ತದಡಿ. ಎರಡೂ ಮೀನುಗಾರರ ಊರುಗಳು.

ದೇವಗಡ ನಮಗೆ ಹತ್ತಿರ. ನಿಪ್ಪಾಣಿಯಿಂದಲೇ ದೇವಗಡಕ್ಕೆ ರಾಜ್ಯ ಹೆದ್ದಾರಿ ಇದೆ. ರಾಧಾನಗರಿ, ದಾಜಿಪುರದ ಕಾಡು ದಾಟಿ ಫೋಂಡಾ ಘಾಟ್ ಇಳಿದರೆ ಕೊಂಕಣ. ಬಂದರು, ದೀಪಸ್ತಂಭ, ಹಳೆಯ ಕೋಟೆ ಎಲ್ಲವೂ ಅಲ್ಲಿವೆ. ಏಪ್ರಿಲ್, ಮೇ ತಿಂಗಳು ಹಾಪೂಸ್ ಮಾವಿನ ಕಾಲ ಬೇರೆ. ನಿಪ್ಪಾಣಿ ಸಂತೆಯಲ್ಲಿ ಕಲಿತ ಮರಾಠಿ ದಾದಿಗೆ ಚೆನ್ನಾಗಿ ಬರುತ್ತದೆ. ನನ್ನ ತಮ್ಮ ಮಾವಿನ ಹೆಸರು ಕೇಳಿದ ಕೂಡಲೇ ದೇವಗಡಕ್ಕೆ ಮತ ಹಾಕಿದ.

ತದಡಿ ದೂರ. ಬೆಳಗಾವಿ, ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು, ಅಂಕೋಲಾ ಮೇಲೆ ಹೋಗಬೇಕು. ಮುನ್ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಆದರೆ ಅಮ್ಮಿ ಲೆಕ್ಕ ಹಾಕಿದಾಗ ದೂರದ ಊರೇ ಅಗ್ಗವಾಯಿತು! 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ರಾಜ್ಯದೊಳಗಿನ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ದಾದಿ, ಅಮ್ಮಿ, ನಾನು ಮೂವರಿಗೂ ಟಿಕೆಟ್ ಹಣವಿಲ್ಲ. ಮಹಾರಾಷ್ಟ್ರದ ಎಸ್‌ಟಿ ಬಸ್ಸಿನಲ್ಲಿ ಮಹಿಳೆಯರಿಗೆ ಅರ್ಧ ಟಿಕೆಟ್ ಇದೆ, ಪೂರ್ತಿ ಉಚಿತವಿಲ್ಲ. ಊಟದ ವಿಷಯದಲ್ಲಿ ಎರಡೂ ಊರು ಸಮ. ಮೀನಾದರೆ ನಮಗೆ ಹಲಾಲ್ ಚಿಂತೆಯಿಲ್ಲ.

ಹೀಗೆ ಹತ್ತಿರಕ್ಕೂ ಅಗ್ಗಕ್ಕೂ ಜಗಳ ನಡೆದಾಗ ನಾನು ತದಡಿಯ ಬಗ್ಗೆ ಓದಿದ್ದನ್ನು ದಾದಿಗೆ ಹೇಳಿದೆ. ಅಘನಾಶಿನಿ ನದಿ ಸಮುದ್ರ ಸೇರುವ ಜಾಗ ಅದು. ಒಂದು ದಡದಲ್ಲಿ ತದಡಿ ಬಂದರು, ಎದುರು ದಡದಲ್ಲಿ ಅಘನಾಶಿನಿ ಎಂಬ ಊರು, ನಡುವೆ ದೋಣಿ. ಶಿರಸಿ ಕಡೆಯ ಬೆಟ್ಟದಲ್ಲಿ ಹುಟ್ಟುವ ಆ ನದಿಗೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಸಮುದ್ರದ ಇಳಿತದ ಹೊತ್ತಿಗೆ ಹೆಂಗಸರೂ ಗಂಡಸರೂ ಮೊಣಕಾಲುದ್ದದ ನೀರಿಗಿಳಿದು ಬಳಚು ಎಂಬ ಚಿಪ್ಪುಜೀವಿಯನ್ನು ಆರಿಸುತ್ತಾರೆ. 2024ರಲ್ಲಿ ಈ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿದೆ. ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳಲ್ಲಿ ಇದೂ ಒಂದು.

ದಾದಿ ಪಟ್ಟಿಯ ಬಗ್ಗೆ ಏನೂ ಕೇಳಲಿಲ್ಲ. "ಅಲ್ಲಿ ನದಿ ಮುಗಿಯೋದು ಕಣ್ಣಿಗೆ ಕಾಣುತ್ತಾ?" ಎಂದು ಮಾತ್ರ ಕೇಳಿದರು.

ಆ ಪ್ರಶ್ನೆಯ ಹಿಂದೆ 2019ರ ಆಗಸ್ಟ್ ಇತ್ತು. ಆ ವರ್ಷ ವೇದಗಂಗೆ ಉಕ್ಕಿ ಯಮಗರ್ಣಿ ಬಳಿ ಹೆದ್ದಾರಿಯೇ ಮುಳುಗಿತ್ತು. ನಮ್ಮ ಮನೆಯೊಳಗೂ ನೀರು ಬಂದು, ದಾದಿಯ ನಿಕಾಹ್ ಕಾಲದ ಪೆಟ್ಟಿಗೆ ನೆನೆದು ಹಾಳಾಯಿತು. ಆಗಿನಿಂದ ಅವರು ನದಿಯ ಕಡೆ ಹೋಗುವುದನ್ನೇ ಬಿಟ್ಟಿದ್ದಾರೆ. "ಇಷ್ಟೊಂದು ನೀರು ಎಲ್ಲಿಗೆ ಹೋಗುತ್ತೆ?" ಎಂದು ಎಷ್ಟೋ ಸಲ ಕೇಳಿದ್ದಾರೆ. ನಮ್ಮ ನದಿಗಳು ಅರಬ್ಬಿ ಸಮುದ್ರದ ಹತ್ತಿರದ ಘಟ್ಟದಲ್ಲೇ ಹುಟ್ಟಿದರೂ ಪೂರ್ವಕ್ಕೆ ತಿರುಗಿ, ಕೃಷ್ಣೆಯ ಜೊತೆ ಆಂಧ್ರದವರೆಗೆ ಹೋಗಿ ಬಂಗಾಳ ಕೊಲ್ಲಿ ಸೇರುತ್ತವೆ ಎಂದು ಭೂಗೋಳದ ಪುಸ್ತಕ ತೆರೆದು ತೋರಿಸಿದ್ದೇನೆ. ನಕ್ಷೆಯ ಗೆರೆ ಅವರಿಗೆ ಸಮಾಧಾನ ಕೊಡಲಿಲ್ಲ. ಅಷ್ಟು ದೂರ ನಾವು ಹೋಗಲಾರೆವು. ಅಘನಾಶಿನಿಯವರೆಗೆ ಹೋಗಬಹುದು.

ಅಲ್ಲಿಗೆ ಮಾತು ಮುಗಿಯಿತು. ತಮ್ಮನಿಗೆ ನಿಪ್ಪಾಣಿ ಪೇಟೆಯಲ್ಲೇ ಹಾಪೂಸ್ ಕೊಡಿಸುವುದಾಗಿ ಅಬ್ಬಾ ಒಪ್ಪಿದರು. ದಾರಿಯಲ್ಲಿ ಹುಬ್ಬಳ್ಳಿಯ ಚಾಚಾ ಮನೆಯಲ್ಲಿ ಒಂದು ರಾತ್ರಿ ನಿಂತರೆ ದಾದಿಯ ಕಾಲಿಗೂ ವಿಶ್ರಾಂತಿ. ಕುಮಟಾದಲ್ಲಿ ತಂಗಿ ಬೆಳಿಗ್ಗೆ ತದಡಿಗೆ ಹೋಗುತ್ತೇವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮೇ ತಿಂಗಳಲ್ಲೇ ಹೊರಡಬೇಕು.

ಗೆಳತಿಯರೇ, ಗೆಳೆಯರೇ, ನೀವೂ ಇಂಥ ಊರಿಗೆ ಹೊರಟರೆ ದಾದಿ ನನಗೆ ಹೇಳಿದ ಮಾತೊಂದನ್ನು ನೆನಪಿಡಿ. ಮೊಬೈಲ್‌ನಲ್ಲಿ ಬಳಚು ಆರಿಸುವವರ ಫೋಟೋ ತೆಗೆಯುವೆ ಎಂದಾಗ ಅವರು ಹೇಳಿದರು: "ನಾವು ವಖಾರಿಯಲ್ಲಿ ಧೂಳು ಮೆತ್ತಿಕೊಂಡು ಕೂತಾಗ ಯಾರಾದರೂ ಬಂದು ಫೋಟೋ ಹೊಡೆದುಕೊಂಡು ಹೋಗಿದ್ದರೆ ನನಗೆ ಹೇಗಾಗುತ್ತಿತ್ತು? ಮೊದಲು ಸಲಾಂ ಹೇಳು, ಮಾತಾಡು, ಕೇಳು. ಆಮೇಲೆ ತೆಗೆ."