ಆಲ್ಪ್ಸ್ ದಾರಿಯ ಲೆಕ್ಕಾಚಾರ

ಎಂಟು ದಿನದ ಬೇಸಿಗೆ ಪ್ರವಾಸಕ್ಕೆ ನಾವು ಗುರುತು ಹಾಕಿಕೊಂಡ ದಾರಿ ಸರಳ: ಪ್ಯಾರಿಸ್, ಲಿಯಾನ್, ಸರೋವರದ ದಡದ ಆನ್ಸಿ, ಕೊನೆಗೆ ಆಲ್ಪ್ಸ್ ಮಡಿಲಿನ ಶಾಮೊನಿ. ಪ್ಯಾರಿಸ್‌ನಿಂದ ಲಿಯಾನ್‌ಗೆ ವೇಗದ ರೈಲಿನಲ್ಲಿ ಸುಮಾರು ಎರಡೇ ಗಂಟೆ. ಶಾಮೊನಿಯ ಮೇಲೆ ಆಲ್ಪ್ಸ್‌ನ ಹಿರಿಯ ಹಿಮಶಿಖರ ಮಾಂ ಬ್ಲಾಂ. ಕೇಬಲ್ ಕಾರಿನಲ್ಲಿ ಮೇಲೇರುವವರಿಗೆ ಜುಲೈನಲ್ಲೂ ಉಣ್ಣೆಯ ಅಂಗಿ ಬೇಕು. ಆ ತಿಂಗಳು ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಯ ಆಚೀಚೆ. ಇಶಾ ನಮಾಜಿಗೆ ನಡುರಾತ್ರಿಯವರೆಗೆ ಎಚ್ಚರವಿರಬೇಕು.

ಬಟ್ಟೆಯ ಮಾತು ಬಂದಾಗ ತೊಡಕಾಯಿತು. ಫ್ರಾನ್ಸಿನ ಬೀದಿಯಲ್ಲಿ ತಲೆವಸ್ತ್ರಕ್ಕೆ ಅಡ್ಡಿಯಿಲ್ಲ. 2004ರ ಕಾನೂನು ಸರ್ಕಾರಿ ಶಾಲೆಯ ಮಕ್ಕಳಿಗೆ ಅದನ್ನು ನಿಷೇಧಿಸಿತು. 2010ರ ಕಾನೂನು ಸಾರ್ವಜನಿಕ ಸ್ಥಳಗಳಲ್ಲಿ ಮುಖ ಮುಚ್ಚುವುದನ್ನೇ ನಿಷೇಧಿಸಿದೆ. ನಮ್ಮ ಆಪಾ ನಖಾಬಿಲ್ಲದೆ ಹೊಸ್ತಿಲು ದಾಟಿದವರಲ್ಲ. "ನೀವೆಲ್ಲ ಹೋಗಿ ಬನ್ನಿ," ಎಂದುಬಿಟ್ಟರು.

ಪ್ಯಾರಿಸ್‌ನಲ್ಲಿ ನಾವು ಮೊದಲು ನೋಡಬೇಕೆಂದಿರುವುದು 1926ರಲ್ಲಿ ಉದ್ಘಾಟನೆಯಾದ ದೊಡ್ಡ ಮಸೀದಿ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗಾಗಿ ಮಡಿದ ಮುಸ್ಲಿಂ ಸೈನಿಕರ ನೆನಪಿಗೆ ಕಟ್ಟಿದ್ದು. ಅವರನ್ನು ಹಾಗೆ ಗೌರವಿಸಿದ ದೇಶಕ್ಕೆ ಆಪಾರ ಒಂದು ತುಂಡು ಬಟ್ಟೆ ಏಕೆ ಭಾರವಾಯಿತೆಂದು ನಾವು ಮನೆಯಲ್ಲಿ ವಾದಿಸುತ್ತೇವೆ. ಮುಖ ತೆರೆದು ಬರುವುದೋ, ಮನೆಯಲ್ಲೇ ಉಳಿಯುವುದೋ, ಅಷ್ಟನ್ನಾದರೂ ಆಪಾ ತಾವೇ ನಿರ್ಧರಿಸಲಿ ಎಂದು ಒತ್ತಾಯ ಮಾಡಿಲ್ಲ. ಟಿಕೆಟ್ಟೂ ಇನ್ನೂ ಕೊಂಡಿಲ್ಲ.