ಗಡಿಯಾರ ಯಾರ ಕೈಗೆ?

ಬೆಂಗಳೂರಿನಿಂದ ಮೈಸೂರು ರಸ್ತೆ ಹಿಡಿದು ಹೊರಟರೆ ಸುಮಾರು 50 ಕಿಲೋಮೀಟರಿಗೆ ರಾಮನಗರ. ಹಾಗೇ ಮುಂದೆ ಹೋದರೆ ಚನ್ನಪಟ್ಟಣ. ರಾಮನಗರದಿಂದ ಎಡಕ್ಕೆ ತಿರುಗಿದರೆ ಕನಕಪುರ, ಬಲಕ್ಕೆ ಮಾಗಡಿ. ಈ ಕಡೆ ಪ್ರವಾಸ ಹೋದಾಗ ಬೆಟ್ಟ, ಗುಡಿ, ಬೊಂಬೆ ಎಲ್ಲ ನೋಡಿ ಬರುತ್ತೀರಿ. ಈ ಸಲ ಒಂದಿಷ್ಟು ಜನರ ಮುಂಗೈಯನ್ನೂ ನೋಡಿ ಬನ್ನಿ, ಸೋದರಿಯರೇ!

ನಮ್ಮಲ್ಲಿ ಕೈಗಡಿಯಾರ ಬಹುಕಾಲ ಅಳಿಯನ ಒಡವೆಯೇ ಆಗಿತ್ತು. ವರೋಪಚಾರ ಅಂದರೆ ಸೂಟು, ಉಂಗುರ, ವಾಚು ಮೂರೂ ಜೊತೆಗೇ ಬರಬೇಕು. ಹುಡುಗಿ ವಾಚು ಕಟ್ಟಿದಳೋ, “ಎಡಗೈ ಬಳೆ ತೆಗೆದು ಬರಿಗೈ ಮಾಡ್ಕೊಂಡಿದಾಳಲ್ಲ!” ಅಂತ ಅಜ್ಜಿಯರ ಗೊಣಗಾಟ. ವಾಚಿನ ಪಕ್ಕದಲ್ಲೇ ಒಂದು ಬಳೆ ಉಳಿಸಿಕೊಂಡು ರಾಜಿಯಾದವರು ಎಷ್ಟೋ ಮಂದಿ.

ಆದರೆ ಹೊತ್ತಿನ ಲೆಕ್ಕ ಇಟ್ಟವರು ಯಾರು? ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಿ ನೋಡಿ. ಅಲ್ಲಿ ಹರಾಜಾಗುವ ಗೂಡಿನ ಹಿಂದೆ ಹಳ್ಳಿಮನೆಯ ಹೆಂಗಸರ ದುಡಿಮೆ ಇದೆ. ಹುಳು ಸಾಕಣೆ ಸುಮಾರು 25 ದಿನದ ಕೆಲಸ. ಅಷ್ಟರಲ್ಲಿ ಹುಳು ನಾಲ್ಕು ಸಲ ಪೊರೆ ಬಿಡುತ್ತೆ. ಅದನ್ನು ರೈತರು ‘ಜ್ವರ’ ಅಂತಾರೆ. ಜ್ವರದಲ್ಲಿದ್ದಾಗ ಸೊಪ್ಪು ಹಾಕಬಾರದು, ಎದ್ದ ಮೇಲೆ ತಡ ಮಾಡಬಾರದು. ಕೊನೆಯ ವಾರವಂತೂ ರಾತ್ರಿಯೂ ಎದ್ದು ಸೊಪ್ಪು ಹಾಕಬೇಕು. ಹಣ್ಣಾದ ಹುಳುವನ್ನು ಹೊತ್ತಿಗೆ ಸರಿಯಾಗಿ ಚಂದ್ರಿಕೆಗೆ ಬಿಡದಿದ್ದರೆ ನೂಲು ನಷ್ಟ. ಇನ್ನು ನೂಲು ಬಿಚ್ಚಾಣಿಕೆ ಮಾಡೋ ಹೆಂಗಸರ ಕೈ ಬಿಸಿನೀರಿನಲ್ಲೇ! ಅಂಥ ಕೈಗೆ ಕಟ್ಟಿದ ವಾಚು ಎಷ್ಟು ದಿನ ಉಳಿದೀತು?

ಇನ್ನೊಂದು ಸೋಜಿಗ ಕೇಳಿ. ಬೆಂಗಳೂರಿನಲ್ಲಿ ಎಚ್‌ಎಂಟಿಯವರು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ವಾಚಿನ ಕಾರ್ಖಾನೆ ತೆರೆದದ್ದು 1961ರಲ್ಲಿ. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದೂ ಅದೇ 1961ರಲ್ಲಿ! ಹೆಂಗಸರಿಗೆಂದೇ ‘ಸುಜಾತ’ ಅನ್ನೋ ವಾಚೂ ಬಂತು. ಕಾರ್ಖಾನೆಯಲ್ಲಿ ಸಣ್ಣ ಸಣ್ಣ ಭಾಗ ಜೋಡಿಸೋ ಕೆಲಸದಲ್ಲಿ ಹೆಣ್ಣುಮಕ್ಕಳೂ ಬಹಳ ಇದ್ದರು. ಅವರ ಬೆರಳು ಜೋಡಿಸಿದ ವಾಚು ಮದುವೆ ಮಂಟಪದಲ್ಲಿ ಗಂಡಿನ ಕೈ ಸೇರುತ್ತಿತ್ತು. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು. ವಾಚು ಕೇಳೋ ಚಾಳಿ ಮಾತ್ರ ಅದರ ಜೊತೆ ಮುಚ್ಚಲಿಲ್ಲ.

ಗಂಡಿನ ಕಡೆಯವರು ಕೇಳಿ ಪಡೆದದ್ದು ಬರೀ ವಾಚಾದರೂ ವರದಕ್ಷಿಣೆಯೇ. ಕೇಳದೆ, ನೀವಾಗಿಯೇ ಕೊಡೋದಾದರೂ ನಿಮ್ಮ ಶಕ್ತಿ ಮೀರದಂತೆ ಕೊಡಿ. ವಧೂವರರಿಗೆ ಬಂದ ಉಡುಗೊರೆಗಳ ಪಟ್ಟಿ ಬರೆದಿಡಬೇಕೆಂದು 1985ರ ನಿಯಮ ಇದೆ, ಅದನ್ನು ಮರೆಯಬೇಡಿ.

ಬರುವಾಗ ಚನ್ನಪಟ್ಟಣದಲ್ಲಿ ಹಾಲೆಮರದಿಂದ ಕಡೆದು ಅರಗಿನ ಬಣ್ಣ ಹಚ್ಚಿದ ಬಳೆ ಕೊಂಡುಕೊಳ್ಳಿ. ಗಾಜಿನ ಬಳೆಯ ಹಾಗೆ ವಾಚಿಗೆ ತಾಗಿ ಒಡೆಯೋ ಭಯವಿಲ್ಲ. ಮಗಳ ಕೈಗೆ ವಾಚು ಕಟ್ಟೋಕೆ ಮದುವೆಯ ತನಕ ಕಾಯಬೇಡಿ. ಹೈಸ್ಕೂಲಿಗೆ ಬಸ್ಸು ಹಿಡಿಯೋ ವಯಸ್ಸಿಗೇ ಕಟ್ಟಿಬಿಡಿ. ತನ್ನ ಹೊತ್ತಿಗೂ ಬೆಲೆ ಇದೆ ಅಂತ ಅವಳಿಗೆ ಆಗಲೇ ಗೊತ್ತಾಗಲಿ.