ಗುಹಾಸುರನ ಮೊಮ್ಮಗಳು

ನಮ್ಮ ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ತಾರಸಿಯ ಮೇಲೆ ಅಣ್ಣನ ಮಗಳು, ಅವಳ ಕಾಲೇಜಿನ ಗೆಳೆಯರು ಭಾನುವಾರ ಸಂಜೆ ಆಡುವ ಆಟಕ್ಕೆ ಚೆಂಡೂ ಬೇಡ, ಇಸ್ಪೀಟಿನ ಎಲೆಯೂ ಬೇಡ. ಒಬ್ಬ ಕಥೆ ನಡೆಸುತ್ತಾನೆ. ಮಿಕ್ಕವರು ಒಂದೊಂದು ಪಾತ್ರವಾಗಿ ಅದರೊಳಗೆ ಹೊಕ್ಕು ಮಾತಾಡುತ್ತಾರೆ, ಜಗಳವಾಡುತ್ತಾರೆ, ಕೆಲವೊಮ್ಮೆ ಸತ್ತೂ ಹೋಗುತ್ತಾರೆ. ಈ ಬಗೆಯ ಆಟಗಳಿಗೆಲ್ಲ ಹಿರಿಯಣ್ಣ, 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. “ಅತ್ತೆ, ನೀನೂ ಬಾ. ಆದ್ರೆ ಪಾತ್ರ ನಿಂದೇ ಆಗಿರ್ಬೇಕು, ಸಿನಿಮಾದಿಂದ ಎತ್ಕೊಂಡು ಬರಂಗಿಲ್ಲ” ಎಂದಳು ಅಣ್ಣನ ಮಗಳು. ಅಂದಿನಿಂದ ನನ್ನ ತಲೆಯೊಳಗೆ ಒಬ್ಬ ಹೆಂಗಸು ಮನೆ ಮಾಡಿದ್ದಾಳೆ.

ಹುಡುಗರು ಮೊದಲು ತರುವ ಪಾತ್ರಗಳನ್ನು ಗಮನಿಸಿದ್ದೇನೆ. ತಂದೆತಾಯಿ ಇಲ್ಲದ ರಾಜಕುಮಾರ, ಸುಟ್ಟುಹೋದ ಊರು, ಕಪ್ಪು ನಿಲುವಂಗಿ, ಎರಡು ಖಡ್ಗ, ಯಾರೊಂದಿಗೂ ಮಾತಿಲ್ಲ. ಇಂಥವನಿಗೆ ಎಲ್ಲ ಬರುತ್ತದೆ, ಯಾರೂ ಬೇಕಿಲ್ಲ. ಯಾರೂ ಬೇಡದವನ ಜೊತೆ ನಾಲ್ಕು ಜನ ಕೂತು ಆಡುವುದಾದರೂ ಏನನ್ನು? ಅವನಿಗೆ ಬಾಡಿಗೆ ಕಟ್ಟುವ ಚಿಂತೆಯಿಲ್ಲ, ಸಾಲ ಕೊಟ್ಟವರಿಲ್ಲ, ಹಸಿವಾದರೆ ಏನು ತಿನ್ನುತ್ತಾನೆಂದು ಅವನನ್ನು ಹುಟ್ಟಿಸಿದವರಿಗೇ ಗೊತ್ತಿಲ್ಲ. ಆದರೆ 1974ರ ಆ ಮೊದಲ ಆಟದಲ್ಲಿ ಮೂರು ದಾಳ ಉರುಳಿಸಿ ಬಲ, ಬುದ್ಧಿ ಮುಂತಾದ ಆರು ಗುಣಗಳಿಗೆ ಮೂರರಿಂದ ಹದಿನೆಂಟರವರೆಗೆ ಅಂಕ ಹಾಕುತ್ತಿದ್ದರು. ಬಿದ್ದದ್ದೇ ಪಾಲು, ಬಲವಿಲ್ಲದ ಯೋಧನೂ ಬರಬಹುದಿತ್ತು. ಈ ಏರ್ಪಾಡು ನನಗೆ ಬಹಳ ಹಿಡಿಸಿತು. ನಮ್ಮ ಪುರಾಣಗಳು ವೀರನಿಗೆ ಕುಂದು ಕೊಡುವ ಈ ಕೆಲಸವನ್ನು ದಾಳಕ್ಕೆ ಬಿಡದೆ ಶಾಪಕ್ಕೂ ವರಕ್ಕೂ ಬಿಟ್ಟವು. ಕರ್ಣನಿಗೆ ಅಸ್ತ್ರವಿದ್ದೂ ಬೇಕಾದ ಹೊತ್ತಿಗೆ ಮಂತ್ರ ನೆನಪಾಗದು. ಅವನನ್ನು ನಾವು ನಂಬುವುದು ಅಲ್ಲಿಯೇ.

ಪಾತ್ರ ಹುಡುಕಲು ನಾನು ಹೋದದ್ದು ಹರಿಹರಕ್ಕೆ, ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ತುಂಗಭದ್ರೆಗೆ ಹರಿದ್ರಾ ಸೇರುವ ಆ ಊರಿನ ಗುಡಿಯನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ. ಒಳಗಿರುವ ಮೂರ್ತಿಯ ಬಲಭಾಗ ಹರ, ಎಡಭಾಗ ಹರಿ. ಸ್ಥಳಪುರಾಣ ಹೇಳುವಂತೆ, ಹರಿಯಿಂದಲೂ ಸಾವು ಬಾರದಂತೆ, ಹರನಿಂದಲೂ ಬಾರದಂತೆ ಗುಹಾಸುರ ಬ್ರಹ್ಮನಿಂದ ವರ ಪಡೆದ. ಕೊನೆಗೆ ಇಬ್ಬರೂ ಒಂದೇ ಮೈಯಾಗಿ ಬಂದರು. ಚಿಕ್ಕಂದಿನಿಂದ ಕೇಳಿದ ಕಥೆ. ಆದರೆ ಪಾತ್ರ ಕಟ್ಟಲು ಹೊರಟವಳ ಕಣ್ಣಿಂದ ನೋಡಿದಾಗ ಕಂಡದ್ದು ಬೇರೆ: ಈ ದೇವರು ಆ ವರದ ಬಿರುಕಿನಲ್ಲೇ ಹುಟ್ಟಿದವನು. ವರ ಬೇರೆಯಾಗಿದ್ದರೆ ದೇವರ ರೂಪವೂ ಬೇರೆಯಾಗುತ್ತಿತ್ತು. ಜರಾಸಂಧನೂ ಎರಡು ಹೋಳು ಕೂಡಿ ಆದವನೇ. ಅವನು ಆ ಬೆಸುಗೆಯಲ್ಲೇ ಸೀಳಿಹೋದ, ಇವನು ಆ ಬೆಸುಗೆಯಿಂದಲೇ ಗೆದ್ದ.

ಹಾಗಾದರೆ ಗುಹಾಸುರನ ಮನೆಯವರು ಏನಾದರು? ಅವನು ಸತ್ತ ಮಾರನೆಯ ದಿನ ಆ ಮನೆಯಲ್ಲಿ ಒಲೆ ಹಚ್ಚಿದವರು ಯಾರು? ಕಥೆ ಅತ್ತ ತಿರುಗಿ ನೋಡಿಲ್ಲ. ಅಲ್ಲಿ ನನಗೆ ಸಿಕ್ಕಳು ಅವನ ಮೊಮ್ಮಗಳು, ಕೂಡಲವ್ವ.

ಅಜ್ಜನ ವರದ ಚೂರೊಂದು ಆಕೆಯ ರಕ್ತದಲ್ಲಿ ಉಳಿದಿದೆ. ಒಬ್ಬರು, ಯಾರೇ ಆಗಲಿ, ಆಕೆಗೆ ಏನೂ ಮಾಡಲಾರರು. ಇಬ್ಬರು ನಿಜವಾಗಿ ಒಂದೇ ಮನಸ್ಸಾದರೆ ಅವರ ಕೈಯ ಕಡ್ಡಿಯೂ ಆಕೆಯನ್ನು ಕೊಲ್ಲಬಲ್ಲದು. ಇಷ್ಟೇ ಆಕೆಯ ಶಕ್ತಿ, ಇಷ್ಟೇ ಆಕೆಯ ಭಯ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಆಕೆಗೆ ಕೆಲಸ ಕೊಟ್ಟಿದ್ದೇನೆ, ಏಕೆಂದರೆ ಹೊಟ್ಟೆಪಾಡು ಗೊತ್ತಾಗದೆ ಮನುಷ್ಯರ ಗುರುತು ನನಗೆ ಹತ್ತುವುದಿಲ್ಲ. ನೆನೆಸಿ, ಬೇಯಿಸಿ, ಒಣಗಿಸಿದ ಭತ್ತದ ಅಕ್ಕಿಯನ್ನು ಕಾದ ಮರಳಿನಲ್ಲಿ ಹುರಿದು ಅರಳಿಸುವ ಕೆಲಸ. ಹೊಗೆಗೆ ಆಕೆಯ ಕಣ್ಣು ಸದಾ ಕೆಂಪು, ಧ್ವನಿ ಒರಟು. ಗಂಡಹೆಂಡಿರು ನಗುತ್ತ ನರ್ಗೀಸ್ ಮಂಡಕ್ಕಿ, ಮೆಣಸಿನಕಾಯಿ ಮೆಲ್ಲುವುದನ್ನು ಕಂಡರೆ ಓಣಿ ಬದಲಿಸುತ್ತಾಳೆ. ಅಣ್ಣತಮ್ಮಂದಿರು ಆಸ್ತಿಗಾಗಿ ಕಚ್ಚಾಡುವ ಮನೆಯಲ್ಲಿ ಮಾತ್ರ ನಿಶ್ಚಿಂತೆಯಿಂದ ಬಾಡಿಗೆಗಿರುತ್ತಾಳೆ. ಹಾಗಂತ ಆಕೆ ಕೆಟ್ಟವಳಲ್ಲ. ಯಾರ ಮನೆಗೂ ಬೆಂಕಿ ಹಚ್ಚಿಲ್ಲ. “ಬರ್ರಿ, ಕುಂದರ್ರಿ” ಎಂದು ಬಂದವರಿಗೆ ಮಣೆ ಹಾಕುವವಳು. ಆದರೆ ಒಬ್ಬೊಬ್ಬರಿಗೇ.

ಇದನ್ನು ಕೂತು ಬರೆದರೆ ಕಥೆಯಾಯಿತು. ಆಟಕ್ಕೆ ಅದು ಸಾಲದು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯನ್ನು ಕಂಡ ಊರು ನಮ್ಮದು. ಕಂಪನಿ ನಾಟಕದ ಪಾತ್ರಧಾರಿಗೆ ಬರೆದಿಟ್ಟ ಮಾತಿನ ಆಸರೆಯಿದೆ. ತಾರಸಿಯ ಈ ಹುಡುಗರಿಗೆ ಅದಿಲ್ಲ. ಅವರ ನಿಜವಾದ ಹಿರಿಯರು ತಾಳಮದ್ದಳೆಯವರೆಂದು ನನ್ನ ನಂಬಿಕೆ. ವೇಷವಿಲ್ಲದೆ ಕೂತು, ಭಾಗವತರು ಹಾಡಿದ ಪದ್ಯವೊಂದನ್ನೇ ಹಿಡಿದು, ಎದುರಿನವರು ಏನು ಕೇಳುತ್ತಾರೆಂದು ತಿಳಿಯದೆಯೇ ಪಾತ್ರವಾಗಿ ಉತ್ತರ ಕೊಡುವ ಕಲೆ ಅದು. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ರಾವಣ, ವಾಲಿ, ಮಾಗಧರಿಗೆ ಕೊಟ್ಟ ಅರ್ಥವನ್ನು ಜನ ಇಂದಿಗೂ ನೆನೆಯುತ್ತಾರೆ. ಮಾಗಧನೆಂದರೆ ಆ ಜರಾಸಂಧನೇ. ಇವರೆಲ್ಲರ ಸೋಲು ಪ್ರಸಂಗದಲ್ಲೇ ಬರೆದಾಗಿದೆ. ಆದರೂ ಸೋಲುವವನ ಕಡೆಗೂ ಒಂದು ನ್ಯಾಯವಿದೆಯೆಂದು ಕೇಳುವವರಿಗೆ ಅನ್ನಿಸಬೇಕು. ಎದುರಾಳಿಯ ಮಾತಿಗೆ ಎಡೆಯೇ ಕೊಡದ ಅರ್ಥಧಾರಿ ಎಷ್ಟು ಬಲ್ಲವನಾದರೂ ಕೂಟ ಕೆಡುತ್ತದೆ.

ಇನ್ನೊಂದು ಪಾಠ ಹಗಲುವೇಷದವರದು. ರಂಗವಿಲ್ಲ, ಪರದೆಯಿಲ್ಲ, ಬಿಸಿಲೇ ಬೆಳಕು. ಊರಲ್ಲಿ ಕೆಲವು ದಿನ ತಂಗಿ, ದಿನಕ್ಕೊಂದು ವೇಷ ಕಟ್ಟಿ, ಕಡೆಯ ದಿನ ಕಾಣಿಕೆ ಕೇಳುವುದು ಅವರ ಹಳೆಯ ಪದ್ಧತಿ. ಹನುಮಂತನಾಗಿ ಬಂದವನು ಅಂಗಡಿಯವನ ಮುಂದೆ ನಿಂತಾಗ ಹನುಮಂತನಾಗಿಯೇ ತಕ್ಕಡಿ ನೋಡಬೇಕು, ಹನುಮಂತನಾಗಿಯೇ ನೀರು ಕೇಳಬೇಕು. ಮೋಡದ ಮೇಲಿನ ದೇವರನ್ನು ಸಂತೆಗೆ ಇಳಿಸಿ ನಂಬಿಸುವ ಆ ಬಡ ಕಲಾವಿದರಿಗಿಂತ ದೊಡ್ಡ ಗುರುಗಳು ಈ ವಿದ್ಯೆಗಿಲ್ಲ. ಕೂಡಲವ್ವನನ್ನೂ ಹಾಗೆ ಸಂತೆಗೆ ಕಳಿಸಿ ನೋಡಿದೆ. ತರಕಾರಿ ಕೊಳ್ಳುವಾಗ ಏನು ಮಾಡುತ್ತಾಳೆ? ಇಬ್ಬರು ವ್ಯಾಪಾರಿಗಳು ಒಂದೇ ಬೆಲೆ ಹೇಳಿದರೆ ಬೆವರುತ್ತಾಳೆ. ಚೌಕಾಸಿಯನ್ನೇ ಮಾಡದೆ ಚೀಲ ಮುಚ್ಚಿಕೊಂಡು ಹೊರಡುತ್ತಾಳೆ. ಇದು ಹೊಳೆದ ಮೇಲೆ ಆಕೆಯ ಹಿಂದಿನ ಚರಿತ್ರೆ ಬರೆಯುವುದನ್ನು ನಿಲ್ಲಿಸಿದೆ. ಇನ್ನು ಆಕೆ ಏನು ಮಾಡುತ್ತಾಳೆಂದು ನಾನು ಯೋಚಿಸಬೇಕಿರಲಿಲ್ಲ.

ತಾರಸಿಗೆ ಕರೆದೊಯ್ದಾಗ ಹುಡುಗರಿಗೆ ಆಕೆ ಬೇಗ ಒಗ್ಗಿದಳು. ಎರಡು ಖಡ್ಗದ ರಾಜಕುಮಾರನಿಗೆ ಮೊದಲ ಸಲ ಇನ್ನೊಬ್ಬರು ಬೇಕಾದರು: ಒಂಟಿಯಾಗಿ ಅವನು ಆಕೆಯನ್ನು ಬೆದರಿಸಲಾರ. ಮಂತ್ರಗಾತಿಯಾದ ಅಣ್ಣನ ಮಗಳಿಗೆ ಆಕೆಯ ಗುಟ್ಟು ತಿಳಿಯಿತು; ತಿಳಿದೂ ಯಾರಿಗೂ ಹೇಳಲಿಲ್ಲ. ಆಮೇಲೆ ರಾಜಕುಮಾರನಿಗೂ ಮಂತ್ರಗಾತಿಗೂ ದಾರಿಯಲ್ಲಿ ಸಿಕ್ಕ ನಿಧಿಯ ಪಾಲಿಗಾಗಿ ಜಗಳ ಹತ್ತಿತು. ತೀರ್ಮಾನ ಮಾಡಿಕೊಡೆಂದು ಇಬ್ಬರೂ ಭಟ್ಟಿಯ ಬಾಗಿಲಿಗೇ ಬಂದರು. ಕೂಡಲವ್ವನಿಗೆ ಅವರಿಬ್ಬರೂ ಇಷ್ಟ. ಜಗಳ ಹರಿಯದಿದ್ದರೆ ರಾಜಕುಮಾರ ಒಬ್ಬನೇ ಕಾಡಿಗೆ ಹೋಗಿ ಸಾಯುತ್ತಾನೆ. ಹರಿದರೆ ಅವರು ಒಂದೇ ಮನಸ್ಸಾಗಿ ಆಕೆಯ ಎದುರು ನಿಂತಿರುತ್ತಾರೆ. ಕಥೆ ನಡೆಸುವ ಹುಡುಗ ನನ್ನ ಕಡೆ ತಿರುಗಿ, “ಏನ್ ಮಾಡ್ತಾಳೆ ಕೂಡಲವ್ವ?” ಎಂದು ಕೇಳಿದ. ನಾನು ಬಾಯಿ ತೆರೆಯುವ ಮುಂಚೆ ಆಕೆಯೇ ಎರಡು ಮಣೆ ತಂದು ಹಾಕಿದಳು.